ಗಾಜಿನ ಬೆನ್ನಿಗೆ ಬಂಗಾರ: ಚಿನ್ನದ ರೇಕಿನ ನಾಮಫಲಕ ಮಾಡುವ ಕ್ರಮ

ಗಾಜಿನೊಳಗಿಂದ ಕನ್ನಡಿಯಂತೆ ಹೊಳೆಯುವ ಚಿನ್ನದ ಅಕ್ಷರಗಳನ್ನು ಎದುರಿನಿಂದ ನೋಡಿದವರು ಅಲ್ಲಿ ಬಂಗಾರದ ತಗಡನ್ನೇ ಕೂರಿಸಿದ್ದಾರೆಂದು ಭಾವಿಸುತ್ತಾರೆ. ನಿಜವಾಗಿ ಅಲ್ಲಿರುವುದು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೇ ದಪ್ಪವಾದ ಚಿನ್ನದ ರೇಕು. ಅದು ಅಂಟಿರುವುದು ಗಾಜಿನ ಹಿಂಬದಿಗೆ. ಕಾಗದದ ಮೇಲೆ ಬರೆಯುವವರು ಹಿನ್ನೆಲೆಯನ್ನು ಮೊದಲು ಹಾಕಿ ಅಕ್ಷರವನ್ನು ಆಮೇಲೆ ಬರೆಯುತ್ತಾರೆ. ಇಲ್ಲಿ ಕ್ರಮ ತಲೆಕೆಳಗು. ನೋಡುವವರ ಕಣ್ಣಿಗೆ ಎಲ್ಲಕ್ಕಿಂತ ಹತ್ತಿರವಾಗಿರುವ ಚಿನ್ನವನ್ನು ಮೊದಲು ಹೊದಿಸಬೇಕು, ಅದರ ಬೆನ್ನಿಗೆ ಬಣ್ಣ, ಆಮೇಲೆ ಅಂಚುಗೆರೆ ಮತ್ತು ನೆರಳು, ಕಟ್ಟಕಡೆಗೆ ಹಿನ್ನೆಲೆ. ಚಿನ್ನದ ಅಡಿಯಲ್ಲಿ ಒಂದು ಬೆರಳಚ್ಚು ಉಳಿದುಹೋದರೆ ಅದನ್ನು ಒರೆಸಲು ಆಮೇಲೆ ದಾರಿಯಿಲ್ಲ. ಆದ್ದರಿಂದ ರೇಕಿನ ಹಾಳೆಗಳ ಪುಸ್ತಕವನ್ನು ತೆರೆಯುವ ಮೊದಲೇ ಫಲಕದ ಹಣೆಬರಹ ಅರ್ಧ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಅನುಭವ. ಈ ಬರಹದಲ್ಲಿ ತೊಳೆಯುವುದಕ್ಕೂ ನಕ್ಷೆಗೂ ಹೆಚ್ಚು ಜಾಗ ಸಿಕ್ಕಿರುವುದು ಅದೇ ಕಾರಣಕ್ಕೆ.

ಗಾಜಿಗೆ ಚಿನ್ನ ಅಂಟಿಸುವುದು ಬಹಳ ಹಳೆಯ ವಿದ್ಯೆ. ನಾಲ್ಕನೆಯ ಶತಮಾನದ ರೋಮನ್ನರು ಎರಡು ಗಾಜಿನ ಪದರಗಳ ನಡುವೆ ಚಿನ್ನದ ರೇಕಿನ ಚಿತ್ರಗಳನ್ನು ಸೇರಿಸುತ್ತಿದ್ದರು. ಈ ಕಲೆಗೆ ಫ್ರೆಂಚರಲ್ಲಿ ‘ವೆರ್ ಎಗ್ಲೋಮಿಸೆ’ ಎಂಬ ಹೆಸರು ಬಂದದ್ದು 18ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದ ಝಾನ್ ಬ್ಯಾಪ್ಟಿಸ್ಟ್ ಗ್ಲೋಮಿ ಎಂಬಾತನಿಂದ. ಅಂಗಡಿ ಫಲಕಗಳ ಕಸುಬಾಗಿ ಇದು ಬೆಳೆದದ್ದು ಮಾತ್ರ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ಅಬಕಾರಿ ಸುಂಕ 1845ರಲ್ಲಿ ರದ್ದಾಯಿತು. ಗಾಜು ಅಗ್ಗವಾದ ಮೇಲೆ ಅಂಗಡಿಗಳ ಮುಂದೆ ದೊಡ್ಡ ದೊಡ್ಡ ಹಲಗೆಗಳು ಬಂದವು, ಅವುಗಳ ಜೊತೆಗೇ ಚಿನ್ನದಲ್ಲಿ ಹೆಸರು ಬರೆಯುವವರ ಕಸುಬೂ ಕುದುರಿತು. ಲಂಡನ್ನಿನ ಹೋಬರ್ನ್ ಪ್ರದೇಶದಲ್ಲಿರುವ ‘ಪ್ರಿನ್ಸೆಸ್ ಲೂಯಿಸ್’ ಪಬ್ಬಿನ ಒಳಗೆ 1891ರ ಹೊತ್ತಿನ ಕೆತ್ತನೆ ಗಾಜು ಮತ್ತು ಚಿನ್ನದ ಅಲಂಕಾರದ ಕನ್ನಡಿಗಳನ್ನು ಇಂದಿಗೂ ನೋಡಬಹುದು. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿಯೂ ಚಿನ್ನದ ರೇಕು ಇದೆ. ಆದರೆ ಅಲ್ಲಿ ಉಬ್ಬು ಕೆಲಸದ ಮೇಲೆ ಅಂಟಿಸಿದ ರೇಕಿನ ಮೇಲ್ಮೈಯನ್ನು ನಾವು ನೋಡುತ್ತೇವೆ, ಗಾಜಿನ ಫಲಕದಲ್ಲಿ ಅಂಟಿದ ಬದಿಯನ್ನೇ ನೋಡುತ್ತೇವೆ. ಕನ್ನಡಿಯ ಹೊಳಪು ಇಲ್ಲಿ ಮಾತ್ರ ಬರುವುದಕ್ಕೆ ಈ ವ್ಯತ್ಯಾಸವೇ ಕಾರಣ.

ಉದಾಹರಣೆಗೆ ‘ವಸುಧಾ’ ಎಂಬ ಮನೆಯ ಹೆಸರನ್ನು 45 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರದ ಗಾಜಿನ ಮೇಲೆ ಬರೆಯುವುದೆಂದು ಇಟ್ಟುಕೊಳ್ಳೋಣ. ಅಕ್ಷರಗಳು ಸುಮಾರು 30 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಎತ್ತರದ ಪಟ್ಟಿಯೊಳಗೆ ಕೂರುತ್ತವೆ.

ಸಾಮಗ್ರಿ

ಗಾಜು 5 ಅಥವಾ 6 ಮಿಲಿಮೀಟರ್ ದಪ್ಪದ್ದಿರಲಿ. ಅಂಚುಗಳನ್ನು ಅಂಗಡಿಯಲ್ಲೇ ಉಜ್ಜಿಸಿ, ತಿರುಪು ಹಾಕುವ ತೂತುಗಳು ಬೇಕಿದ್ದರೆ ಅವನ್ನೂ ಮೊದಲೇ ಕೊರೆಸಬೇಕು. ಟಫನ್ ಮಾಡಿಸುವುದಿದ್ದರೆ, ಅಂದರೆ ಗಾಜನ್ನು ಕಾಯಿಸಿ ಗಟ್ಟಿಗೊಳಿಸುವುದಿದ್ದರೆ, ಕತ್ತರಿಸುವ, ಕೊರೆಯುವ ಕೆಲಸಗಳೆಲ್ಲ ಅದಕ್ಕೂ ಮೊದಲು ಮುಗಿದಿರಬೇಕು, ಯಾಕೆಂದರೆ ಟಫನ್ ಆದ ಗಾಜನ್ನು ಕತ್ತರಿಸಲು ಹೋದರೆ ಅದು ಪುಡಿಪುಡಿಯಾಗುತ್ತದೆ. ಸಾಮಾನ್ಯ ಗಾಜಿನಲ್ಲಿರುವ ಹಸಿರು ಛಾಯೆ ಚಿನ್ನದ ಬಣ್ಣವನ್ನು ಸ್ವಲ್ಪ ತಣ್ಣಗಾಗಿಸುತ್ತದೆ. ಕಬ್ಬಿಣದ ಅಂಶ ಕಡಿಮೆ ಇರುವ ತಿಳಿಗಾಜು ಸಿಕ್ಕರೆ ಚಿನ್ನ ತನ್ನ ನಿಜವಾದ ಬಣ್ಣದಲ್ಲಿ ಕಾಣುತ್ತದೆ, ಆದರೆ ಮೊದಲ ಫಲಕಕ್ಕೆ ಅಷ್ಟು ಖರ್ಚು ಬೇಕಾಗಿಲ್ಲ.

ಚಿನ್ನದ ರೇಕು 25 ಹಾಳೆಗಳ ಚಿಕ್ಕ ಪುಸ್ತಕದ ರೂಪದಲ್ಲಿ ಬರುತ್ತದೆ. ಒಂದೊಂದು ರೇಕೂ ಸಾಮಾನ್ಯವಾಗಿ 80 ಮಿಲಿಮೀಟರ್ ಚದರ. ಇಡೀ ಪುಸ್ತಕದಲ್ಲಿರುವ ಚಿನ್ನ ಅರ್ಧ ಗ್ರಾಮಿಗಿಂತಲೂ ಕಡಿಮೆ. ಹೀಗಾಗಿ ಬೆಲೆಯಲ್ಲಿ ಲೋಹದ ಪಾಲಿನ ಜೊತೆಗೆ ಬಡಿದು ತೆಳುಗೊಳಿಸಿದವರ ಕೂಲಿಯೂ ಸೇರಿರುತ್ತದೆ. 23 ಕ್ಯಾರಟ್ಟಿನದನ್ನೇ ಕೊಳ್ಳಬೇಕು. ರೇಕಿನಲ್ಲಿ ಎರಡು ಬಗೆಗಳಿವೆ. ತೆಳುಕಾಗದಕ್ಕೆ ಒತ್ತಿ ಅಂಟಿಸಿದ್ದು ಒಂದು, ಹಾಳೆಗಳ ನಡುವೆ ಸುಮ್ಮನೆ ಮಲಗಿರುವ ಬಿಡಿ ರೇಕು ಇನ್ನೊಂದು. ಗಾಜಿನ ಕನ್ನಡಿ ಹೊಳಪಿಗೆ ಬಿಡಿ ರೇಕೇ ಆಗಬೇಕು. ತಂಜಾವೂರು ಚಿತ್ರಗಳಿಗೆ ಬಳಸುವ ಚಿನ್ನದ ಹಾಳೆ ಇದಕ್ಕಿಂತ ದಪ್ಪ, ಆದ್ದರಿಂದ ರೇಕನ್ನು ಗಾಜಿಗೆ ಅಂಟಿಸುವ ಜೆಲಟಿನ್ ನೀರು ಅದನ್ನು ಹಿಡಿಯುವುದಿಲ್ಲ. ಅಗ್ಗವಾಗಿ ಸಿಗುವ ತಾಮ್ರ-ಸತುವಿನ ನಕಲಿ ರೇಕು ಕೆಲಕಾಲದಲ್ಲಿ ಕಪ್ಪಗಾಗುತ್ತದೆ. ಅಭ್ಯಾಸಕ್ಕೆಂದು ನಕಲಿ ರೇಕನ್ನು ತರುವವರು ಅದರಿಂದ ಕಲಿಯುವುದು ಬೇರೆಯದೇ ಕೆಲಸ, ಯಾಕೆಂದರೆ ಅದು ನಿಜವಾದ ರೇಕಿನ ಹಾಗೆ ಉಸಿರಿಗೆ ಹಾರುವುದಿಲ್ಲ, ನೀರಿಗೆ ಜಿಗಿಯುವುದೂ ಇಲ್ಲ.

ಇವಲ್ಲದೆ ಬೇಕಾದವು ಇಷ್ಟು: ‘00’ ಅಳತೆಯ ಖಾಲಿ ಜೆಲಟಿನ್ ಕ್ಯಾಪ್ಸೂಲುಗಳು, ಡಿಸ್ಟಿಲ್ಡ್ ವಾಟರ್, ಅಳಿಲಿನ ಕೂದಲನ್ನು ಎರಡು ಕಾರ್ಡುಗಳ ನಡುವೆ ತೆಳ್ಳಗೆ ಹರಡಿ ಮಾಡಿದ ರೇಕು ಎತ್ತುವ ಚಪ್ಪಟೆ ಬ್ರಷ್ಷು, ನೀರು ಹಚ್ಚಲು ಎರಡು ಇಂಚಿನ ಮೃದು ಬ್ರಷ್ಷು, ಅಕ್ಷರ ಬರೆಯುವ ಉದ್ದಕೂದಲಿನ ಬ್ರಷ್ಷುಗಳು, ಎಣ್ಣೆ ಆಧಾರಿತ ಎನಾಮೆಲ್ ಬಣ್ಣ, ಟರ್ಪೆಂಟೈನ್, ವಾರ್ನಿಷ್, ಔಷಧಿ ಅಂಗಡಿಯ ಹತ್ತಿ, ಹೊಸ ಬ್ಲೇಡುಗಳು, ನಯವಾದ ಚಾಕ್ ಪುಡಿ. ಕ್ಯಾಪ್ಸೂಲು ಕೊಳ್ಳುವಾಗ ‘ವೆಜ್’ ಎಂದು ಬರೆದಿರುವುದನ್ನು ತರಬಾರದು, ಅದರಲ್ಲಿ ಜೆಲಟಿನ್ ಇರುವುದಿಲ್ಲ. ಜೆಲಟಿನ್ ಪ್ರಾಣಿಜನ್ಯ ವಸ್ತು ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ದೇವರಕೋಣೆಯ ಫಲಕ ಮಾಡಿಕೊಡುವಾಗ ಈ ಸಂಗತಿಯನ್ನು ಮೊದಲೇ ತಿಳಿಸಿದರೆ ಆಮೇಲೆ ಮನಸ್ತಾಪವಿರುವುದಿಲ್ಲ.

ನಕ್ಷೆ

ಅಕ್ಷರಗಳನ್ನು ಟ್ರೇಸಿಂಗ್ ಕಾಗದದ ಮೇಲೆ ಪೂರ್ಣ ಅಳತೆಯಲ್ಲಿ, ಓದುವ ದಿಕ್ಕಿನಲ್ಲೇ ಬರೆದುಕೊಳ್ಳಿರಿ. ಈ ಕಾಗದವನ್ನು ಗಾಜಿನ ಮುಂಭಾಗಕ್ಕೆ, ಎದುರಿಗೆ ನಿಂತವರು ಓದುವಂತೆ ಅಂಟಿಸಿದರೆ, ಬೆನ್ನಿನ ಕಡೆಯಿಂದ ನೋಡುವ ನಮಗೆ ಅದು ತಾನಾಗಿಯೇ ತಿರುವುಮುರುವಾಗಿ ಕಾಣುತ್ತದೆ. ತಲೆಯಲ್ಲಿ ತಿರುಗಿಸಿಕೊಂಡು ಬರೆಯುವ ಕಷ್ಟ ಬೇಡ.

ಕನ್ನಡ ಅಕ್ಷರಗಳಿಗೆ ಇಲ್ಲಿ ವಿಶೇಷ ಎಚ್ಚರಿಕೆ ಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರ ಗೆರೆಗಳು ಹೆಚ್ಚಿರುವುದರಿಂದ ಬ್ಲೇಡು ಮತ್ತು ಅಳತೆಪಟ್ಟಿ ಹಿಡಿದು ಅಂಚನ್ನು ತಿದ್ದಬಹುದು. ನಮ್ಮ ಅಕ್ಷರಗಳಲ್ಲಿ ನೇರ ಗೆರೆ ಸಿಗುವುದೇ ಅಪರೂಪ, ಎಲ್ಲವೂ ಸುತ್ತು, ಕೊಂಬು, ಒತ್ತು. ‘ವಸುಧಾ’ದ ‘ಧ’ವನ್ನೇ ನೋಡಿರಿ. ಅದನ್ನು ‘ದ’ದಿಂದ ಬೇರ್ಪಡಿಸುವುದು ಅಡಿಯಲ್ಲಿರುವ ಚಿಕ್ಕ ಸೀಳು ಮಾತ್ರ. ಬಣ್ಣ ಒಂದು ಮಿಲಿಮೀಟರಿನಷ್ಟು ಹರಡಿದರೂ ಆ ಸೀಳು ಮುಚ್ಚಿಕೊಂಡು ಮನೆಯ ಹೆಸರು ‘ವಸುದಾ’ ಆಗುತ್ತದೆ. ನನ್ನ ಎರಡನೆಯ ಫಲಕದಲ್ಲಿ ಆದದ್ದು ಇದೇ. ಚಿನ್ನ ಹೊಳೆಯುತ್ತಿತ್ತು, ಅಂಚು ಚೊಕ್ಕವಾಗಿತ್ತು, ಮಹಾಪ್ರಾಣ ಹೋಗಿತ್ತು. ಹೀಗಾಗಿ ಸೀಳುಗಳನ್ನು ನಕ್ಷೆಯಲ್ಲಿಯೇ ಕೊಂಚ ಅಗಲವಾಗಿ, 3 ಮಿಲಿಮೀಟರಿಗೆ ಕಡಿಮೆಯಾಗದಂತೆ ಬಿಡಬೇಕು. ಒತ್ತಕ್ಷರ ಮತ್ತು ಮೇಲಿನ ಅಕ್ಷರದ ನಡುವಿನ ಸಂದಿಗೂ ಈ ಮಾತು ಅನ್ವಯಿಸುತ್ತದೆ. ಕಂಪ್ಯೂಟರಿನ ತೆಳು ಅಕ್ಷರಗಳಿಗಿಂತ ಕೈಬರಹದ ದಪ್ಪ ಅಕ್ಷರಗಳು ಚಿನ್ನಕ್ಕೆ ಒಪ್ಪುತ್ತವೆ, ಏಕೆಂದರೆ ಹೊಳಪು ಕಾಣಲು ಅದಕ್ಕೆ ಸ್ವಲ್ಪ ಅಗಲವಾದ ಬಯಲು ಬೇಕು.

ನಕ್ಷೆಯ ಗೆರೆಗಳ ಗುಂಟ ಸೂಜಿಯಿಂದ 2 ಮಿಲಿಮೀಟರಿಗೊಂದರಂತೆ ತೂತು ಚುಚ್ಚಬೇಕು. ರಂಗೋಲಿ ಅಚ್ಚಿನ ತತ್ವವೇ ಇದು. ಚಿನ್ನ ಹೊದಿಸಿದ ಮೇಲೆ ಮುಂಭಾಗದ ನಕ್ಷೆ ಬೆನ್ನಿನಿಂದ ಕಾಣಿಸುವುದಿಲ್ಲವಾದ್ದರಿಂದ, ಆಗ ಇದೇ ಕಾಗದವನ್ನು ಮಗುಚಿ ಚಿನ್ನದ ಬೆನ್ನ ಮೇಲಿಟ್ಟು ತೂತುಗಳ ಮೂಲಕ ಪುಡಿ ಬಡಿಯಬೇಕಾಗುತ್ತದೆ. ಎರಡು ಸಲವೂ ಕಾಗದ ಅದೇ ಜಾಗದಲ್ಲಿ ಕೂರಲು ಗಾಜಿನ ನಾಲ್ಕು ಅಂಚುಗಳ ನಡುಬಿಂದುಗಳನ್ನು ಕಾಗದದ ಮೇಲೆ ಗುರುತು ಹಾಕಿಡಿರಿ.

ಗಾಜು ತೊಳೆಯುವುದು

ಚಿನ್ನ ಗಾಜಿಗೆ ಅಂಟುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಜೆಲಟಿನ್ ಪೊರೆಯಿಂದ. ಗಾಜಿನ ಮೇಲೆ ಜಿಡ್ಡಿದ್ದರೆ ನೀರು ಅಲ್ಲಿ ಹರಡದೆ ಮಣಿಗಟ್ಟುತ್ತದೆ, ನೀರಿಲ್ಲದ ಜಾಗದಲ್ಲಿ ಚಿನ್ನ ಸರಿಯಾಗಿ ಕೂರುವುದಿಲ್ಲ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಎರಡೂ ಬದಿ ತೊಳೆದು ಚೆನ್ನಾಗಿ ಜಾಲಿಸಿರಿ. ಆಮೇಲೆ ಚಾಕ್ ಪುಡಿಯನ್ನು ನೀರಿನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಹತ್ತಿಯಿಂದ ಬೆನ್ನಿನ ಬದಿಗೆಲ್ಲ ಹಚ್ಚಿ, ಒಣಗಿ ಬೆಳ್ಳಗಾದ ಮೇಲೆ ಒಣ ಹತ್ತಿಬಟ್ಟೆಯಿಂದ ಉಜ್ಜಿ ತೆಗೆಯಿರಿ. ಹೀಗೆ ಎರಡು ಸಲ. ಈ ಪುಡಿಯು ಬಣ್ಣದ ಅಂಗಡಿಯಲ್ಲಿ ಸಿಗುವ ನಯವಾದದ್ದಾಗಿರಬೇಕು, ಹರಳಿದ್ದರೆ ಗಾಜು ಗೀರಾಗುತ್ತದೆ. ಕಿಟಕಿ ಒರೆಸುವ ಸುವಾಸನೆಯ ದ್ರವಗಳು ಬೇಡವೇ ಬೇಡ, ಅವು ಹೊಳಪಿಗಾಗಿ ಏನಾದರೊಂದು ಪೊರೆ ಬಿಟ್ಟುಹೋಗುತ್ತವೆ.

ಪರೀಕ್ಷೆ ಸುಲಭ. ಗಾಜನ್ನು ನಿಲ್ಲಿಸಿ ಅದರ ಮೇಲೆ ಡಿಸ್ಟಿಲ್ಡ್ ವಾಟರ್ ಹರಿಸಿರಿ. ನೀರು ಒಂದೇ ಹಾಳೆಯಂತೆ ಇಳಿದರೆ ಗಾಜು ಶುದ್ಧವಾಗಿದೆ. ಎಲ್ಲಿಯಾದರೂ ನೀರು ಹಿಂದೆ ಸರಿದು ಒಣ ದ್ವೀಪ ಬಿಟ್ಟರೆ ಮೊದಲಿನಿಂದ ತೊಳೆಯಬೇಕು. ಈ ಪರೀಕ್ಷೆಯ ನಂತರ ಬೆನ್ನಿನ ಬದಿಯನ್ನು ಬೆರಳಿನಿಂದ ಮುಟ್ಟಬಾರದು, ಗಾಜನ್ನು ಎತ್ತುವಾಗ ಅಂಚುಗಳನ್ನಷ್ಟೇ ಹಿಡಿಯಬೇಕು.

ಜೆಲಟಿನ್ ನೀರು

ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರಿಗೆ ಒಂದು ‘00’ ಕ್ಯಾಪ್ಸೂಲು. ಖಾಲಿ ಕ್ಯಾಪ್ಸೂಲಿನ ತೂಕ ಸುಮಾರು 120 ಮಿಲಿಗ್ರಾಮ್ ಇರುವುದರಿಂದ ಇದು ಅತ್ಯಂತ ತೆಳುವಾದ ದ್ರಾವಣ, ಬೆರಳಿಗೆ ಅಂಟೆಂದು ಅನ್ನಿಸುವುದೇ ಇಲ್ಲ. ನೀರಿನ ಕಾಲು ಭಾಗವನ್ನು ಸ್ಟೀಲಿನ ಶುದ್ಧ ಪಾತ್ರೆಯಲ್ಲಿ ಕುದಿ ಬರುವ ಮುಂಚಿನ ಹದಕ್ಕೆ ಬಿಸಿಮಾಡಿ, ಒಲೆಯಿಂದ ಇಳಿಸಿ, ಕ್ಯಾಪ್ಸೂಲನ್ನು ಹಾಕಿ ಪೂರ್ತಿ ಕರಗುವವರೆಗೆ ಕದಡಿ, ಉಳಿದ ನೀರನ್ನು ಸೇರಿಸಿ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿಕೊಳ್ಳಿರಿ. ಜೆಲಟಿನ್ ಹಾಕಿದ ಮೇಲೆ ಕುದಿಸಿದರೆ ಅದರ ಅಂಟಿನ ಶಕ್ತಿ ಕುಂದುತ್ತದೆ. ಪಾತ್ರೆಯಲ್ಲಿ ಅಡುಗೆಯ ಎಣ್ಣೆಯ ಪಸೆ ಇರಬಾರದೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಅಂಟು ಹೆಚ್ಚಿದ್ದರೆ ಗಟ್ಟಿಯಾಗಿ ಹಿಡಿಯುತ್ತದೆ ಎಂದುಕೊಂಡು ಎರಡು ಮೂರು ಕ್ಯಾಪ್ಸೂಲು ಹಾಕುವುದು ಹೊಸಬರೆಲ್ಲ ಮಾಡುವ ತಪ್ಪು. ಜೆಲಟಿನ್ ಹೆಚ್ಚಾದಷ್ಟೂ ಚಿನ್ನ ಮತ್ತು ಗಾಜಿನ ನಡುವಿನ ಪೊರೆ ದಪ್ಪವಾಗಿ, ಚಿನ್ನದ ಮೇಲೆ ಹಾಲಿನ ಕೆನೆಯಂಥ ಮಬ್ಬು ಕವಿಯುತ್ತದೆ. ತೀರ ಕಡಿಮೆಯಾದರೆ ಬೆನ್ನಿಗೆ ಬಣ್ಣ ಹಚ್ಚುವಾಗ ರೇಕು ಬ್ರಷ್ಷಿನ ಜೊತೆಗೇ ಎದ್ದುಬರುತ್ತದೆ. ಈ ದ್ರಾವಣ ಮರುದಿನಕ್ಕೆ ಕೆಡುತ್ತದೆ, ಆಯಾ ದಿನದ್ದನ್ನು ಆಯಾ ದಿನವೇ ಮಾಡಿಕೊಳ್ಳಬೇಕು.

ರೇಕು ಹೊದಿಸುವುದು

ಫ್ಯಾನ್ ನಿಲ್ಲಿಸಿ. ಈ ಕೋಣೆಯದಷ್ಟೇ ಅಲ್ಲ, ಪಕ್ಕದ ಕೋಣೆಯದನ್ನೂ. ನನ್ನ ಮೊದಲ ಪ್ರಯತ್ನದಲ್ಲಿ ಹಜಾರದ ಫ್ಯಾನಿನ ಗಾಳಿ ಬಾಗಿಲ ಸಂದಿಯಿಂದ ಬಂದು, ಪುಸ್ತಕದಿಂದ ಎತ್ತಿದ ರೇಕನ್ನು ನನ್ನ ಅಂಗಿಯ ತೋಳಿಗೆ ಹೊದಿಸಿತು. ಅಲ್ಲಿ ಅದು ಬಹಳ ಚೆನ್ನಾಗಿ ಅಂಟಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ನಕ್ಷೆಯನ್ನು ಮುಂಭಾಗಕ್ಕೆ ಅಂಟಿಸಿದ ಗಾಜನ್ನು, ಬೆನ್ನು ನಮ್ಮ ಕಡೆಗಿರುವಂತೆ, ತುಸು ಹಿಂದಕ್ಕೆ ಒರಗಿಸಿ ನಿಲ್ಲಿಸಿರಿ. ಅಡಿಯಲ್ಲಿ ಹಳೆಯ ಟವೆಲ್ ಹಾಸಿದ್ದರೆ ಇಳಿದ ನೀರನ್ನು ಅದು ಹೀರಿಕೊಳ್ಳುತ್ತದೆ. ರೇಕಿನ ಪುಸ್ತಕವನ್ನು ಎಡಗೈಯಲ್ಲಿ ಒಂದು ರಟ್ಟಿನ ಮೇಲಿಟ್ಟು ಹಿಡಿದು, ಮೇಲಿನ ಹಾಳೆಯನ್ನು ನಿಧಾನವಾಗಿ ಮಡಿಸಿದರೆ ಚಿನ್ನ ಹೊರಗೆ ಕಾಣುತ್ತದೆ. ಎತ್ತುವ ಬ್ರಷ್ಷನ್ನು ಒಮ್ಮೆ ಕೆನ್ನೆಗೆ ಹಗುರವಾಗಿ ಸವರಿಕೊಳ್ಳಬೇಕು. ಚರ್ಮದ ಆ ನಸುಜಿಡ್ಡೇ ರೇಕನ್ನು ಎತ್ತಲು ಸಾಕು. ಜಿಡ್ಡು ಹೆಚ್ಚಾದರೆ ರೇಕು ಬ್ರಷ್ಷನ್ನು ಬಿಡುವುದೇ ಇಲ್ಲ, ಆದ್ದರಿಂದ ಸೆಕೆಗಾಲದಲ್ಲಿ ಮುಖ ತೊಳೆದು ಒರೆಸಿಕೊಂಡು ಕೂರುವುದು ಮೇಲು.

ಈಗ ಮೇಲಿನ ಎಡಮೂಲೆಯಿಂದ ಆರಂಭಿಸಿ, ಎರಡು ಮೂರು ರೇಕುಗಳಷ್ಟು ಜಾಗಕ್ಕೆ ಜೆಲಟಿನ್ ನೀರನ್ನು ಧಾರಾಳವಾಗಿ ಹಚ್ಚಿರಿ. ನೀರು ಗಾಜಿನ ಮೇಲೆ ಹರಿಯುತ್ತಿರಬೇಕು, ಬರಿಯ ಒದ್ದೆ ಸಾಲದು. ಬ್ರಷ್ಷಿನ ಕೂದಲ ತುದಿಯನ್ನು ರೇಕಿನ ಒಂದು ಅಂಚಿಗೆ ತಾಗಿಸಿ, ಎತ್ತಿ, ಒಂದೇ ಚಲನೆಯಲ್ಲಿ ಗಾಜಿನ ಹತ್ತಿರಕ್ಕೆ ಒಯ್ಯಬೇಕು. ಕೆಲವೇ ಮಿಲಿಮೀಟರ್ ದೂರವಿರುವಾಗ ನೀರೇ ರೇಕನ್ನು ಎಳೆದುಕೊಳ್ಳುತ್ತದೆ, ಅದು ಬ್ರಷ್ಷಿನಿಂದ ಜಿಗಿದು ಗಾಜಿಗೆ ಬೀಳುತ್ತದೆ. ಈ ಕ್ಷಣದಲ್ಲಿ ಅನುಮಾನಿಸಿ ಕೈ ಹಿಂದೆಗೆದರೆ ರೇಕು ನಡುವೆ ಹರಿಯುತ್ತದೆ. ಒಮ್ಮೆ ಬಿದ್ದ ರೇಕನ್ನು ಸರಿಸಲು ಹೋಗಬಾರದು, ಸುಕ್ಕಾಗಿ ಬಿದ್ದಿದ್ದರೂ ಹಾಗೆಯೇ ಬಿಡಬೇಕು. ನೀರು ಇಳಿಯುತ್ತ ಹೋದಂತೆ ಸಣ್ಣ ಸುಕ್ಕುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಮುಂದಿನ ರೇಕು ಹಿಂದಿನದರ ಮೇಲೆ 5 ಮಿಲಿಮೀಟರ್ ಏರಿ ಕೂರಬೇಕು. ಈ ಲೆಕ್ಕದಲ್ಲಿ ನಾಲ್ಕು ರೇಕುಗಳ ಒಂದು ಸಾಲು 30 ಸೆಂಟಿಮೀಟರನ್ನೂ, ಅಂಥ ಎರಡು ಸಾಲುಗಳು 15 ಸೆಂಟಿಮೀಟರ್ ಎತ್ತರವನ್ನೂ ಮುಚ್ಚುತ್ತವೆ. ಅಂದರೆ ‘ವಸುಧಾ’ಕ್ಕೆ ಒಂದು ಹೊದಿಕೆಗೆ 8 ರೇಕು, ಎರಡು ಹೊದಿಕೆಗೆ 16, ತೇಪೆಗಳಿಗೆ ನಾಲ್ಕೈದು. ಒಂದೇ ಪುಸ್ತಕ ಸಾಕು. ಮೇಲಿನ ಸಾಲು ಮುಗಿದ ಮೇಲೆಯೇ ಕೆಳಗಿನದಕ್ಕೆ ಇಳಿಯಬೇಕು. ಕೆಳಗಿನಿಂದ ಆರಂಭಿಸಿದರೆ ಮೇಲಿನಿಂದ ಇಳಿಯುವ ನೀರು ಹಾಕಿದ ಚಿನ್ನವನ್ನು ಕದಲಿಸುತ್ತದೆ.

ಆಗ ತಾನೇ ಹೊದಿಸಿದ ಚಿನ್ನವನ್ನು ಕಂಡು ಎದೆಗುಂದಬೇಕಾಗಿಲ್ಲ. ಅದು ಮಂಕಾಗಿ, ಮುದ್ದೆಯಾಗಿ, ಕಂದುಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ನೀರು ಆರುತ್ತಿದ್ದಂತೆ ರೇಕು, ಒದ್ದೆ ಪಂಚೆ ಮೈಗೆ ಅಂಟಿದ ಹಾಗೆ, ಗಾಜಿಗೆ ಬಿಗಿದುಕೊಳ್ಳುತ್ತದೆ. ಮುಂಭಾಗದಿಂದ ಇಣುಕಿ ನೋಡುತ್ತಿದ್ದರೆ ಮೇಲಿನ ಅಂಚಿನಿಂದ ಹೊಳಪು ನಿಧಾನವಾಗಿ ಕೆಳಗಿಳಿಯುವುದು ಕಾಣುತ್ತದೆ, ಮಬ್ಬು ಕನ್ನಡಿಯನ್ನು ಯಾರೋ ಒರೆಸುತ್ತಿರುವಂತೆ. ಈ ಕೆಲಸದ ಕೂಲಿ ಸಿಗುವುದು ಆ ಕೆಲವು ನಿಮಿಷಗಳಲ್ಲಿಯೇ. ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಒಣಗಬಹುದು. ಜುಲೈ ತಿಂಗಳ ಮಂಗಳೂರಿನಲ್ಲಿಯೋ ಮಡಿಕೇರಿಯಲ್ಲಿಯೋ ಇದ್ದರೆ ರಾತ್ರಿಯಿಡೀ ಬಿಡುವುದು ಒಳಿತು. ಹೇರ್ ಡ್ರೈಯರ್ ಹಿಡಿದು ಅವಸರಪಡಿಸಿದರೆ ಅಂಚುಗಳು ಮೊದಲು ಒಣಗಿ ನಡುವೆ ನೀರಿನ ಉಂಗುರದ ಕಲೆಗಳು ಉಳಿಯುತ್ತವೆ.

ಎರಡನೆಯ ಹೊದಿಕೆ ಮತ್ತು ಬಿಸಿನೀರು

ಪೂರ್ತಿ ಒಣಗಿದ ಮೇಲೆ ಅಂಟದೆ ಉಳಿದ ಚಿನ್ನದ ಚೂರುಗಳನ್ನು ಮೃದು ಬ್ರಷ್ಷಿನಿಂದ ಸವರಿ ತೆಗೆದು, ಹತ್ತಿಯ ಉಂಡೆಯಿಂದ ಬಲು ಹಗುರವಾಗಿ, ಮಗುವಿನ ಕೆನ್ನೆ ಒರೆಸುವಷ್ಟು ಹಗುರವಾಗಿ, ಉಜ್ಜಿರಿ. ಆಮೇಲೆ ಮುಂಭಾಗದ ಕಾಗದವನ್ನು ತೆಗೆದು, ಗಾಜಿನ ಹಿಂದೆ ದೀಪ ಹಿಡಿದು ನೋಡಿರಿ. ಚಿನ್ನದ ರೇಕು ಎಷ್ಟು ತೆಳುವೆಂದರೆ ಬೆಳಕು ಅದನ್ನು ದಾಟಿ ಹಸಿರಾಗಿ ಕಾಣುತ್ತದೆ. ಬಿರುಕು, ತೂತುಗಳಿರುವಲ್ಲಿ ಬಿಳಿಯ ಬೆಳಕೇ ನೇರವಾಗಿ ಇಣುಕುತ್ತದೆ. ಹೀಗೆ ಬಿಟ್ಟುಹೋದ ಜಾಗಗಳಿಗೆ ಇಂಗ್ಲಿಷ್ ಕಸುಬುದಾರರು ‘ಹಾಲಿಡೇ’ ಎನ್ನುತ್ತಾರೆ, ಕೆಲಸಗಾರ ಅಲ್ಲಿ ರಜೆ ಹಾಕಿದ್ದ ಎಂಬಂತೆ.

ಬೆಳಕು ಇಣುಕುವ ಜಾಗಗಳಿಗಷ್ಟೇ ತೇಪೆ ಹಾಕಿ ಮುಗಿಸುವವರಿದ್ದಾರೆ. ನಾನು ಯಾವಾಗಲೂ ಇಡೀ ಪಟ್ಟಿಗೆ ಎರಡನೆಯ ಹೊದಿಕೆ ಹಾಕುತ್ತೇನೆ. ಎಂಟು ರೇಕುಗಳ ಖರ್ಚಿಗೆ ಚಿನ್ನಕ್ಕೆ ಒಂದು ತುಂಬುತನ ಬರುತ್ತದೆ, ತೇಪೆ ಹಾಕಿದ ಫಲಕದಲ್ಲಿ ಅದು ಕಾಣುವುದಿಲ್ಲ. ವಿಧಾನ ಮೊದಲಿನದೇ. ಆದರೆ ನೀರು ಹಚ್ಚುವ ಬ್ರಷ್ಷನ್ನು ಈಗ ಒಂದೇ ಜಾಗದ ಮೇಲೆ ಎರಡು ಸಲ ಎಳೆಯಬಾರದು, ಅಡಿಯ ಚಿನ್ನವೂ ಮತ್ತೆ ಮೆತ್ತಗಾಗಿರುತ್ತದೆ.

ಇದೂ ಒಣಗಿದ ಮೇಲೆ ಡಿಸ್ಟಿಲ್ಡ್ ವಾಟರನ್ನು ಕೈಗೆ ಚುರುಕೆನ್ನುವಷ್ಟು ಬಿಸಿಮಾಡಿ ಚಿನ್ನದ ಬೆನ್ನ ಮೇಲೆ ಮೇಲಿನಿಂದ ಹರಿಸಬೇಕು. ಹೆಚ್ಚುವರಿ ಜೆಲಟಿನ್ ಕರಗಿ ಇಳಿದುಹೋಗಿ, ಉಳಿದ ಮಬ್ಬೂ ಕಳೆದು ಹೊಳಪು ಒಂದು ಪಟ್ಟು ಏರುತ್ತದೆ. ಕುದಿಯುವ ನೀರು ಬೇಡ, ತಣ್ಣನೆಯ ಗಾಜು ಸೀಳಬಹುದು.

ಬೆನ್ನುಬಣ್ಣ

ಇಲ್ಲಿಯವರೆಗೆ ನಮ್ಮ ಬಳಿ ಇರುವುದು ಚಿನ್ನದ ಒಂದು ಪಟ್ಟಿ, ಅಕ್ಷರವಿನ್ನೂ ಹುಟ್ಟಿಲ್ಲ. ತೂತು ಚುಚ್ಚಿದ ನಕ್ಷೆಯನ್ನು ಮಗುಚಿ, ಗುರುತುಗಳನ್ನು ಹೊಂದಿಸಿ ಚಿನ್ನದ ಬೆನ್ನ ಮೇಲಿಡಿರಿ. ತೆಳುಬಟ್ಟೆಯಲ್ಲಿ ನಯವಾದ ಇದ್ದಿಲ ಪುಡಿಯನ್ನು ಗಂಟುಕಟ್ಟಿ ತೂತುಗಳ ಮೇಲೆ ಹಗುರವಾಗಿ ಬಡಿದರೆ ಅಕ್ಷರಗಳ ರೂಪ ಚುಕ್ಕಿಚುಕ್ಕಿಯಾಗಿ ಮೂಡುತ್ತದೆ.

ಈ ರೂಪದೊಳಗೆ ಕಪ್ಪು ಎನಾಮೆಲ್ ತುಂಬಬೇಕು. ಬಣ್ಣ ಎಣ್ಣೆ ಆಧಾರಿತವೇ ಆಗಿರಬೇಕು. ನೀರಿನ ಅಕ್ರಿಲಿಕ್ ಹಚ್ಚಿದರೆ ಅದರ ನೀರು ಜೆಲಟಿನ್ನನ್ನು ಕರಗಿಸಿ ಚಿನ್ನವನ್ನು ಕೀಳುತ್ತದೆ. ಬ್ರಷ್ಷು ಸರಾಗವಾಗಿ ಓಡುವಷ್ಟು ಟರ್ಪೆಂಟೈನ್ ಹನಿಸಿದರೆ ಸಾಕು. ಕೈ ನಡುಗದಂತೆ ಮಣಿಕಟ್ಟಿಗೆ ಆಸರೆಯಾಗಿ, ತುದಿಗೆ ಬಟ್ಟೆಯುಂಡೆ ಕಟ್ಟಿದ ಒಂದು ಕೋಲನ್ನು ಗಾಜಿನ ಅಂಚಿಗೆ ಊರಿಕೊಳ್ಳಬಹುದು. ಮೊದಲು ಅಂಚುಗಳು, ಆಮೇಲೆ ಒಳಭಾಗ. ಒಮ್ಮೆ ಸವರಿದ ಕಡೆ ಮತ್ತೆ ಮತ್ತೆ ತಿಕ್ಕಬಾರದು. ‘ಧ’ದ ಸೀಳಿನ ಹತ್ತಿರ ಎಲ್ಲಕ್ಕಿಂತ ಸಣ್ಣ ಬ್ರಷ್ಷಿಗೆ ಬದಲಾಯಿಸಿ, ಸೀಳನ್ನು ಬೇಕಾದುದಕ್ಕಿಂತ ಅಗಲವಾಗಿಯೇ ಬಿಡಿರಿ, ಬಣ್ಣ ತಾನಾಗಿ ಸ್ವಲ್ಪ ಒಳಸರಿಯುತ್ತದೆ. ಒಂದು ಪೂರ್ಣ ದಿನ ಒಣಗಲು ಬಿಡಬೇಕು.

ಹೆಚ್ಚಿನ ಚಿನ್ನ ತೆಗೆಯುವುದು

ಬೆನ್ನುಬಣ್ಣವಿಲ್ಲದ ಚಿನ್ನವನ್ನು ಹಿಡಿದಿರುವುದು ನೀರಿಗೆ ಕರಗುವ ಜೆಲಟಿನ್ ಮಾತ್ರ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಚಿಟಿಕೆ ಚಾಕ್ ಪುಡಿ ತಾಗಿಸಿ, ಅಕ್ಷರದ ಕಡೆಯಿಂದ ಹೊರಕ್ಕೆ ಒರೆಸುತ್ತ ಬಂದರೆ ಅಕ್ಷರಗಳ ಸುತ್ತಲಿನ ಚಿನ್ನ ಎದ್ದುಬರುತ್ತದೆ. ಹತ್ತಿ ತೊಟ್ಟಿಕ್ಕುವಷ್ಟು ಒದ್ದೆಯಾಗಿದ್ದರೆ ನೀರು ಬಣ್ಣದ ಅಡಿಗೂ ನುಗ್ಗಿ ಅಂಚು ಕೀಳುತ್ತದೆ. ಒಣಗಿದ ಮೇಲೆ ಹೊಸ ಬ್ಲೇಡಿನ ಮೂಲೆಯಿಂದ ಸುತ್ತುಗಳ ಅಂಚನ್ನು ತಿದ್ದಿರಿ. ‘ಧ’ದ ಸೀಳನ್ನು ಚೊಕ್ಕ ಮಾಡುವ ಹೊತ್ತೂ ಇದೇ.

ಅಂಚುಗೆರೆ, ನೆರಳು, ಹಿನ್ನೆಲೆ

ಅಕ್ಷರದ ಸುತ್ತ ಎರಡು ಮಿಲಿಮೀಟರಿನ ಕಪ್ಪು ಅಥವಾ ಕಡುಗೆಂಪು ಗೆರೆ ಎಳೆಯುವುದರಿಂದ ಎರಡು ಲಾಭಗಳಿವೆ. ಚಿನ್ನದ ಅಂಚು ಸ್ಫುಟವಾಗುತ್ತದೆ, ತೇವ ಒಳನುಗ್ಗುವ ದಾರಿಯೂ ಮುಚ್ಚುತ್ತದೆ. ಗೆರೆಯ ಒಳಬದಿ ಅಕ್ಷರದ ಮೇಲೆ ಹೇಗೆ ಏರಿದರೂ ಮುಂಭಾಗದಿಂದ ಕಾಣುವುದಿಲ್ಲ, ಚಿನ್ನ ಅದನ್ನು ಮರೆಮಾಡುತ್ತದೆ. ಆದ್ದರಿಂದ ಗಮನವೆಲ್ಲ ಹೊರಬದಿಯ ಮೇಲಿರಲಿ. ಇಂಗ್ಲಿಷ್ ಫಲಕಗಳಲ್ಲಿ ನೆರಳು ಸಾಮಾನ್ಯವಾಗಿ ಅಕ್ಷರದ ಎಡಕ್ಕೆ ಮತ್ತು ಕೆಳಕ್ಕೆ ಬೀಳುತ್ತದೆ. ಬೆನ್ನಿನಿಂದ ಬರೆಯುವ ನಾವು ಅದನ್ನು ಬಲಕ್ಕೆ ಹಾಕಬೇಕು. ಅಕ್ಷರಕ್ಕೂ ನೆರಳಿಗೂ ನಡುವೆ ತೆಳುವಾದ ಸಂದಿ ಬಿಟ್ಟರೆ ಅಕ್ಷರ ಗಾಜಿನಿಂದ ಎದ್ದು ನಿಂತಂತೆ ಕಾಣುತ್ತದೆ. ಅಡಿಗೆ ಒತ್ತಕ್ಷರಗಳಿರುವ ಹೆಸರುಗಳಲ್ಲಿ ಮಾತ್ರ ನೆರಳು ಒತ್ತಿಗೆ ಡಿಕ್ಕಿ ಹೊಡೆಯುವುದರಿಂದ, ಅಲ್ಲಿ ನೆರಳನ್ನು ಕೈಬಿಡುವುದೇ ಲೇಸು.

ಇವೆಲ್ಲ ಒಣಗಿದ ಮೇಲೆ ಇಡೀ ಬೆನ್ನಿಗೆ ಹಿನ್ನೆಲೆಯ ಬಣ್ಣ. ಕಪ್ಪು, ಕಡುಹಸಿರು, ಕಡುನೀಲಿ ಇವುಗಳಲ್ಲಿ ಚಿನ್ನ ಚೆನ್ನಾಗಿ ಬೆಳಗುತ್ತದೆ. ತೆಳುವಾದ ಎರಡು ಪದರಗಳು ಸಾಕು. ದಪ್ಪಗೆ ಬಳಿದ ಒಂದೇ ಪದರ ಒಣಗುವಾಗ ಕುಗ್ಗಿ ಚಿನ್ನವನ್ನು ಎಳೆಯಬಹುದು. ಹಿನ್ನೆಲೆಯಿಲ್ಲದೆ ಪಾರದರ್ಶಕವಾಗಿ ಬಿಡುವುದಿದ್ದರೆ, ಬಣ್ಣದ ಅಂಚಿನಿಂದ 2–3 ಮಿಲಿಮೀಟರ್ ಹೊರಕ್ಕೆ ಚಾಚುವಂತೆ ವಾರ್ನಿಷ್ ಹಚ್ಚುವುದು ಕಡ್ಡಾಯ.

ಮಂದ ಚಿನ್ನದ ಒಡಲು

ಹಳೆಯ ಫಲಕಗಳಲ್ಲಿ ಅಕ್ಷರದ ಅಂಚು ಕನ್ನಡಿಯಂತೆ ಹೊಳೆದು ಒಡಲು ಮಾತ್ರ ಮಂದವಾಗಿರುವುದನ್ನು ಕಾಣಬಹುದು. ಇದಕ್ಕೆ ಬೆನ್ನುಬಣ್ಣವನ್ನು ಅಕ್ಷರದ ಅಂಚಿನ ಪಟ್ಟಿಗಷ್ಟೇ ಹಚ್ಚಿ, ನಡುವಿನ ಚಿನ್ನವನ್ನೂ ಒರೆಸಿ ತೆಗೆಯಬೇಕು. ತೆರವಾದ ಒಡಲಿಗೆ ಗಿಲ್ಡಿಂಗ್ ಸೈಜ್ ಎಂಬ ಎಣ್ಣೆಯ ಅಂಟನ್ನು ತೆಳುವಾಗಿ ಹಚ್ಚಿ, ಬೆರಳ ಗೆಣ್ಣು ತಾಗಿಸಿದರೆ ಅಂಟಿಯೂ ಅಂಟದ ಹದಕ್ಕೆ ಬಂದಾಗ ರೇಕು ಹೊದಿಸಿ, ಆಮೇಲೆ ಅದಕ್ಕೂ ಬೆನ್ನುಬಣ್ಣ ಕೊಡಬೇಕು. ಎಣ್ಣೆಯ ಪೊರೆ ಗಾಜಿನಷ್ಟು ನುಣುಪಲ್ಲವಾದ್ದರಿಂದ ಚಿನ್ನ ಮಂದವಾಗಿ ಕಾಣುತ್ತದೆ. ಮೂರನೆಯ ಅಥವಾ ನಾಲ್ಕನೆಯ ಫಲಕಕ್ಕೆ ಇದನ್ನು ಇಟ್ಟುಕೊಳ್ಳಿರಿ.

ಕೂರಿಸುವುದು

ಚಿನ್ನಕ್ಕೆ ತುಕ್ಕಿಲ್ಲ, ಮಳೆ ಬಿಸಿಲು ತಾಗುವುದು ಗಾಜಿನ ಮುಖಕ್ಕೆ. ಕೆಡುವುದೇನಿದ್ದರೂ ಬೆನ್ನಿನಿಂದ, ಅದರಲ್ಲೂ ಅಂಚಿನಿಂದ ನುಸುಳುವ ತೇವದಿಂದ. ಚೌಕಟ್ಟಿನಲ್ಲಿ ಗಾಜಿಗೂ ಹಿಂಬದಿಯ ಹಲಗೆಗೂ ನಡುವೆ ಬೆರಳು ದಪ್ಪದ ಸಂದಿಯಿರಲಿ, ಕೆಳಗಿನ ಪಟ್ಟಿಯಲ್ಲಿ ನೀರು ಇಳಿದುಹೋಗಲು ಒಂದೆರಡು ಸಣ್ಣ ತೂತುಗಳಿರಲಿ. ಅಂಚಿಗೆ ಸಿಲಿಕೋನ್ ಹಾಕುವುದಾದರೆ ವಿನಿಗರಿನಂತೆ ಹುಳಿವಾಸನೆ ಬರುವುದನ್ನು ಬಿಟ್ಟು, ಕನ್ನಡಿಗಳಿಗೆಂದೇ ಮಾರುವ ನ್ಯೂಟ್ರಲ್ ಬಗೆಯದನ್ನು ಕೇಳಿ ತರಬೇಕು. ಹುಳಿ ಆವಿ ಬೆನ್ನಿನ ಬಣ್ಣಕ್ಕೆ ಹಾನಿ ಮಾಡುತ್ತದೆ. ಮುಂಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಹಬ್ಬದ ಹಿಂದಿನ ದಿನ ಪೈಪು ಹಿಡಿದು ಮುಂಬಾಗಿಲು ತೊಳೆಯುವ ಪದ್ಧತಿಯಿರುವ ಮನೆಗಳಲ್ಲಿ, ಫಲಕವನ್ನು ನೀರು ಎರಚದಷ್ಟು ಎತ್ತರಕ್ಕೆ ಏರಿಸಿಯೇ ತಿರುಪು ಬಿಗಿಯಿರಿ.